ಮೂರು ಗುಟುಕಿನ ಮರ್ಯಾದೆ

ಲಿಫ್ಟಿನಲ್ಲಿ ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಒಬ್ಬ ಹೆಂಗಸು ಎಷ್ಟು ಬಡಾಯಿ ಕೊಚ್ಚಿಕೊಳ್ಳಬಹುದು ಎಂದು ಶುಕ್ರವಾರ ಸಂಜೆಯವರೆಗೆ ನರ್ಮದಾಳಿಗೂ ಗೊತ್ತಿರಲಿಲ್ಲ. ತಪ್ಪು ಆಕೆಯದಲ್ಲ. ಆರನೇ ಮಹಡಿಗೆ ಹೊಸದಾಗಿ ಬಂದ ನಿಖಿತಾ ಎಂಬ ಬೆಂಗಳೂರಿನ ಹುಡುಗಿ ತಾನಾಗಿಯೇ ಕೇಳಿದ್ದಳು.

"ಆಂಟಿ, ಬೆಳಿಗ್ಗೆ ಹೊತ್ತು ನಾಲ್ಕನೇ ಫ್ಲೋರಲ್ಲಿ ಕಾಫಿ ಸ್ಮೆಲ್ ಬರುತ್ತಲ್ಲ, ಅದು ನಿಮ್ಮನೇದಾ?"

"ಹೌದವಾ. ಎಸ್ಪ್ರೆಸೊ ಮಾಡ್ತೀನಿ. ಕೈಲೇನ."

"ಮನೇಲಿ ಎಸ್ಪ್ರೆಸೊನಾ? ಆಂಟಿ, ನಾನು ಟೋಟಲ್ ಕಾಫಿ ಪರ್ಸನ್. ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು ಅಂತ ಒಂದೇ ಸಿಪ್ಪಲ್ಲಿ ಹೇಳಿಬಿಡ್ತೀನಿ."

"ಹಂಗಾರ ರವಿವಾರ ಹನ್ನೊಂದಕ್ಕ ಬಾ. ಪುಣೇದಾಗ ಯಾವ ಹೊಟೇಲಿನಾಗೂ ಇಂಥಾದ್ದು ಸಿಗಂಗಿಲ್ಲ."

ಲಿಫ್ಟಿನ ಬಾಗಿಲು ತೆರೆಯಿತು. ನಿಖಿತಾ ಹೊರಟುಹೋದಳು. ನರ್ಮದಾ ಮಾತ್ರ ತಾನು ಆಡಿದ ಮಾತಿನ ಜೊತೆ ಒಳಗೇ ನಿಂತಳು. ಎಷ್ಟೊಂದು ಹೊತ್ತು ನಿಂತಳೆಂದರೆ ಬಾಗಿಲು ಮುಚ್ಚಿ, ಯಾರೋ ಮೇಲಿಂದ ಗುಂಡಿ ಒತ್ತಿ, ಆಕೆ ಆರನೇ ಮಹಡಿಯವರೆಗೆ ಹೋಗಿಬಂದಳು.

ಮಾತು ಸುಳ್ಳಾಗಿರಲಿಲ್ಲ. ವರ್ಷದ ಹಿಂದೆ ತಂಗಿಯ ಮಗಳು ಆಕೆಯನ್ನು ಒಂದು ದೊಡ್ಡ ಕಾಫಿ ಅಂಗಡಿಗೆ ಕರೆದೊಯ್ದಿದ್ದಳು. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೆಂದು ಹುಡುಕಿ ನರ್ಮದಾ ಎಸ್ಪ್ರೆಸೊ ಹೇಳಿದಳು. ಬೊಂಬೆಯಾಟದ ಕಪ್ಪಿನಂಥ ಕಪ್ಪಿನಲ್ಲಿ ಮೂರೇ ಗುಟುಕು ಬಂತು. ಮೋಸ ಹೋದೆ ಎಂದುಕೊಂಡೇ ಕುಡಿದಳು. ಮೂರನೆಯ ಗುಟುಕು ಇಳಿದಾಗ, ನಲವತ್ತೊಂಬತ್ತು ವರ್ಷ ತನ್ನ ನಾಲಿಗೆ ಚಹಾದಲ್ಲಿ ನಿದ್ದೆ ಮಾಡಿತ್ತು ಎನಿಸಿತು.

ಮನೆಯಲ್ಲಿ ಇದನ್ನು ಮಾಡಲು ಲಕ್ಷದ ಯಂತ್ರ ಬೇಕೆಂದು ಎಲ್ಲರೂ ಹೇಳಿದರು. ಅದು ಬೇಡವೆಂಬುದನ್ನು ನರ್ಮದಾ ಕೈಯಿಂದ ಮಾಡಿ ತೋರಿಸಿದಳು. ಮನೆಯಿರುವ ನಿಗಡಿಯಿಂದ ಎರಡು ಬಸ್ಸು ಬದಲಿಸಿ ಯೆರವಡಾಕ್ಕೆ ಹೋಗಿ, ಮದುವೆ ಗೊತ್ತಾಗಿ ಸಾಮಾನು ಮಾರುತ್ತಿದ್ದ ಇಂಜಿನಿಯರೊಬ್ಬನಿಂದ ಕೈಯಲ್ಲಿ ಒತ್ತುವ ಯಂತ್ರವೊಂದನ್ನು ತಂದಳು. ಅದಕ್ಕೆ ಕರೆಂಟು ಬೇಡ. ಎರಡು ತೋಳುಗಳನ್ನು ಮೇಲೆತ್ತಿ, ಪಾಲಖಿಯ ಮುಂದೆ ಕುಣಿಯುವ ವಾರಕರಿ ಭಕ್ತನ ಹಾಗೆ ಅದು ಅಡಿಗೆಕಟ್ಟೆಯ ಮೇಲೆ ನಿಂತಿತು. ಸೀರೆಗಳಿಗೆ ಫಾಲ್ ಹಚ್ಚಿ ಬಂದದ್ದರಲ್ಲಿ ಕಾಫಿ ಬೀಜ ಬೀಸುವ ಕೈಗಿರಣಿ ಕೊಂಡಳು. ಪುಡಿಯನ್ನು ಒತ್ತಿ ಗಟ್ಟಿ ಮಾಡುವ ಉಕ್ಕಿನ ಗುಂಡನ್ನು ಚಿಂಚವಾಡದ ಲೇಥ್ ವರ್ಕ್‌ಶಾಪಿನವನು ಒಂದು ಡಬ್ಬಿ ಚಕ್ಕಲಿಯ ಬದಲಿಗೆ ಕಡೆದುಕೊಟ್ಟ. ಒತ್ತುವ ಹೊತ್ತನ್ನು ಅಳೆಯಲು ಗಡಿಯಾರವೂ ಬೇಕಿರಲಿಲ್ಲ. ನಿಧಾನಕ್ಕೆ ಹದಿನೈದು ಸಲ 'ಓಂ ನಮಃ ಶಿವಾಯ' ಅಂದರೆ ಸರಿಯಾಗಿ ಮೂವತ್ತು ಸೆಕೆಂಡು.

ಹನ್ನೊಂದು ತಿಂಗಳು ಕಲಿತಳು. ಈಗ ಆಕೆ ಇಳಿಸುವ ಎಸ್ಪ್ರೆಸೊ ಬೆಲ್ಲದ ಪಾಕದ ಎಳೆಯಂತೆ ಇಳಿಯುತ್ತಿತ್ತು, ಮೇಲೆ ಜೇನಿನ ಬಣ್ಣದ ನೊರೆ ಕಟ್ಟುತ್ತಿತ್ತು. ಕೊರತೆ ಒಂದೇ: ಅದನ್ನು ಕುಡಿದು 'ಹೌದು' ಅನ್ನುವವರು ಯಾರೂ ಇರಲಿಲ್ಲ. ಗಂಡ ಶಿವರುದ್ರಪ್ಪ ಒಮ್ಮೆ ಕುಡಿದು, "ಸುಟ್ಟ ಹುಣಚಿಹಣ್ಣಿನ ಕಷಾಯ ಇದ್ದಂಗದ," ಎಂದು ಮೇಲೊಂದು ಲೋಟ ಚಹಾ ಕುಡಿದಿದ್ದ. ಎದುರು ಮನೆಯ ಎಪ್ಪತ್ತೆರಡರ ಭೀಮವ್ವ ಯಂತ್ರವನ್ನು ನೋಡಿ, "ಶಾವಿಗಿ ಒತ್ತೂದೇನ ಇದು?" ಎಂದು ಕೇಳಿ, ಅಲ್ಲವೆಂದ ಮೇಲೆ ಆಸಕ್ತಿ ಕಳೆದುಕೊಂಡಿದ್ದರು. ಒಳ್ಳೆಯ ಅಡಿಗೆ ಮಾಡಿದವಳಿಗೆ ಉಂಡವರ ಮುಖವೇ ಸಾಕು. ನರ್ಮದಾಳ ಎದುರು ಆ ಮುಖ ಇನ್ನೂ ಬಂದಿರಲಿಲ್ಲ. ರವಿವಾರ ಹನ್ನೊಂದಕ್ಕೆ ಬರುವುದಿತ್ತು.

ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಕೆ ಡಬ್ಬಿ ತೆಗೆದು ನೋಡಿದಳು. ಬೀಜ ಎರಡೇ ಕಪ್ಪಿಗೆ ಆಗುವಷ್ಟಿತ್ತು, ಹೊಸ ಪಾರ್ಸೆಲ್ಲು ಬುಧವಾರಕ್ಕೆ. ಒಂದು ಹುಡುಗಿಗೆ, ಒಂದು ತನಗೆ. ಸಾಕು. ಗಿರಣಿಗೆ ಕೈಹಾಕಿದರೆ ಕಪಾಟಿನಲ್ಲಿ ಗಿರಣಿಯಿಲ್ಲ.

"ಏನ್ರಿ, ನನ್ನ ಗಿರಣಿ ಎಲ್ಲಿ?"

"ನಿನ್ನೆ ನೀ ಬಾಜಾರಕ್ಕ ಹೋದಾಗ ಭೀಮವ್ವಾರಿಗೆ ಕೊಟ್ಟೆ," ಎಂದ ಶಿವರುದ್ರಪ್ಪ ಪೇಪರಿನ ಹಿಂದಿನಿಂದ. "ಅವರ ಮಿಕ್ಸರ್ ಕೆಟ್ಟದಂತ. ಕರಿಮೆಣಸ ಬೀಸ್ಬೇಕಿತ್ತಂತ."

ನರ್ಮದಾ ಎದುರು ಮನೆಗೆ ಹೋಗಿ ಗಿರಣಿ ಇಸಿದುಕೊಂಡು ಬಂದಳು. ಗಂಡನಿಗೆ ಉತ್ತರ ಕೊಡಲು ಹೊರಟರೆ ಹನ್ನೊಂದು ಗಂಟೆಗೂ ಮುಗಿಯುವಂತಿರಲಿಲ್ಲ.

ಭೀಮವ್ವ ಗಿರಣಿಯ ಹಿಂದೆ ತಾವೂ ಬಂದರು. ಬಂದವರು ಅಡಿಗೆಮನೆಯ ಕುರ್ಚಿಯಲ್ಲಿ, ಮದುವೆಯ ಉಸ್ತುವಾರಿಗೆ ಕರೆಸಿದ ಸೋದರತ್ತೆಯ ಹಾಗೆ ಕೂತರು. "ಭಾಳ ಚಲೋ ಅದ ನೋಡು ನಿನ್ನ ಗಿರಣಿ. ಮೆಣಸ ಹಿಟ್ಟಾಗಿ ಬಿತ್ತು. ನಾಳೆ ಯಾಲಕ್ಕಿ ಬೀಸೂಣಂತೀನಿ."

ನರ್ಮದಾ ಮೂಸಿದಳು. ಮೂರು ಸಲ ಸೀನಿದಳು. ಗಿರಣಿಯನ್ನು ಪೂರ್ತಿ ಬಿಚ್ಚಿ ಹಳೆಯ ಬಣ್ಣದ ಬ್ರಶ್ಶಿನಿಂದ ಉಜ್ಜಿ, ಮತ್ತೆ ಜೋಡಿಸಿ, ಎರಡು ಹಿಡಿ ಚುರುಮುರಿ ಹಾಕಿ ಬೀಸಿದಳು. ಚುರುಮುರಿ ಮೆಣಸಿನ ವಾಸನೆಯನ್ನೆಲ್ಲ ಹೀರಿಕೊಂಡು ಹೊರಬಂತು. ಇದನ್ನು ಯಾವ ವಿಡಿಯೊದವರೂ ಹೇಳಿಕೊಟ್ಟಿರಲಿಲ್ಲ. ನರ್ಮದಾಳಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು ಅನಿಸಿತು, ಕೈಯಲ್ಲಿ ಹಿಟ್ಟಿತ್ತು.

"ಚುರುಮುರಿ ಹಿಟ್ಟ ಯಾರ ತಿಂತಾರ?" ಎಂದರು ಭೀಮವ್ವ.

"ಯಾರೂ ತಿನ್ನಂಗಿಲ್ರಿ."

"ಮತ್ಯಾಕ ಬೀಸಿದಿ?"

ಅಷ್ಟರಲ್ಲಿ ಉಕ್ಕಿನ ಗುಂಡು ಬೆಳ್ಳುಳ್ಳಿ ನಾರುತ್ತಿರುವುದು ಗೊತ್ತಾಯಿತು. ಶಿವರುದ್ರಪ್ಪ ರವಿವಾರದ ಚಟ್ನಿಗೆಂದು ಅದರಿಂದಲೇ ಬೆಳ್ಳುಳ್ಳಿ ಜಜ್ಜಿದ್ದ. "ಲೇಥಿನವ ಏನ ಕೆಲಸ ಮಾಡ್ಯಾನ ಮಾರಾಯ್ತಿ, ಒಂದ ಏಟಿಗೆ ಸಿಪ್ಪಿ ಬಿಡ್ತದ," ಎಂದು ಅವನು ಹೆಂಡತಿಯ ಸಾಮಾನನ್ನು ಮೊದಲ ಸಲ ಹೊಗಳಿದ. ನರ್ಮದಾ ಅದನ್ನು ನಿಂಬೆಹಣ್ಣು, ಬೂದಿ, ಮತ್ತೆ ನಿಂಬೆಹಣ್ಣು ಹಾಕಿ ತಿಕ್ಕಿದಳು. ದೇವರ ಹಿತ್ತಾಳೆಯೂ ಅಷ್ಟು ತಿಕ್ಕಿಸಿಕೊಂಡಿರಲಿಲ್ಲ.

ಹತ್ತೂವರೆಗೆ ಮೊದಲ ಕಪ್ಪಿನ ಬೀಜ ಬೀಸಿ, ತುಂಬಿ, ಕುದಿನೀರು ಹೊಯ್ದು ತೋಳುಗಳನ್ನು ಒತ್ತಿದಳು. 'ಓಂ ನಮಃ ಶಿವಾಯ' ನಾಲ್ಕು ಸಲ ಆಗುವುದರೊಳಗೆ ಕಪ್ಪು ತುಂಬಿಹೋಯಿತು. ಮುನ್ಸಿಪಾಲ್ಟಿಯ ನಳ ಬಿಟ್ಟಂತೆ ಸುರಿದಿತ್ತು. ಬಣ್ಣ ನೋಡಿದರೆ ನೆಲ ಒರೆಸಿದ ನೀರು. ರುಚಿ ಹುಳಿ. ಬಿಚ್ಚಿ ಜೋಡಿಸುವಾಗ ಗಿರಣಿಯ ಹದ ತಪ್ಪಿ ಪುಡಿ ತರಿಯಾಗಿತ್ತು.

"ಚೆಲ್ರಿ ಇದನ್ನ," ಎಂದಳು.

"ಯಾಕ ಚೆಲ್ಲೂದು?" ಎಂದ ಶಿವರುದ್ರಪ್ಪ. ಅವನ ಕೈಯಲ್ಲಿ ಏನೂ ಚೆಲ್ಲಿಹೋಗುತ್ತಿರಲಿಲ್ಲ. ಆ ನೀರನ್ನೂ ಒತ್ತಿ ಬಿಟ್ಟ ಚರಟವನ್ನೂ ಚಹಾದ ಪಾತೇಲಿಗೆ ಸುರಿದು, ಅರ್ಧ ಲೀಟರ್ ಹಾಲು, ಕೈತುಂಬ ಸಕ್ಕರೆ ಹಾಕಿ ಒಲೆಯ ಮೇಲಿಟ್ಟ. "ಮನಿಗೆ ಮಂದಿ ಬರ್ತಾರ. ಮೂರ ಗುಟುಕ ಕೊಟ್ಟ ಕಳಸ್ತೀಯೇನ? ನಮ್ಮ ಕಡೆ ಮಂದಿ ಹಂಗ ಮಾಡ್ತಾರೇನ?"

"ಖರೇನ," ಎಂದರು ಭೀಮವ್ವ. "ಕಪ್ಪ ಬಸೀಗೆ ಸೋರಬೇಕು. ಅದ ಮರ್ಯಾದಿ."

ನರ್ಮದಾ ಕಿವಿ ಮುಚ್ಚಿಕೊಂಡಂತೆ ಮಾಡಿ ಗಿರಣಿಯ ಹದವನ್ನು ಬಿಗಿ ಮಾಡಿದಳು. ಉಳಿದದ್ದು ಒಂದೇ ಕಪ್ಪಿನ ಬೀಜ. ಒಂದು ಬೀಜ ಬೀಸಿ, ಪುಡಿಯನ್ನು ಬೆರಳ ನಡುವೆ ತಿಕ್ಕಿ ನೋಡಿದಳು. ಇನ್ನಷ್ಟು ಬಿಗಿ ಮಾಡಿದಳು. ಎರಡನೆಯ ಬೀಜದ ಪುಡಿ ಬೆರಳಿಗೆ ಹಿಡಿಸಿತು. ಅಷ್ಟೂ ಬೀಸಿ ತುಂಬಿ, ಗುಂಡಿನಿಂದ ಸಮನಾಗಿ ಒತ್ತಿದಳು. ನೀರು ಕುದಿಯುತ್ತಿತ್ತು, ಒಲೆ ಆರಿಸಬೇಕು, ಅಷ್ಟರಲ್ಲಿ ಫೋನು.

"ಆಂಟಿ, ಲಿಫ್ಟ್ ಹತ್ರ ಇದೀನಿ. ಟೂ ಮಿನಿಟ್ಸ್."

ಫೋನಿಟ್ಟು ನೀರು ಹೊಯ್ದು ತೋಳುಗಳ ಮೇಲೆ ಭಾರ ಬಿಟ್ಟಳು. ಒಂದು, ಎರಡು, ಮೂರು ಶಿವಾಯ. ಹನಿಯಿಲ್ಲ. ನಾಲ್ಕು. ಐದನೆಯದಕ್ಕೆ ಕಡುಗೆಂಪು ಎಳೆಯೊಂದು ಹೊರಟಿತು. ನಡುಗದೆ, ಮುರಿಯದೆ ಇಳಿಯಿತು. ಹದಿನೈದನೆಯ ಶಿವಾಯಕ್ಕೆ ಕಪ್ಪಿನಲ್ಲಿ ಸರಿಯಾಗಿ ಮೂರು ಗುಟುಕು, ಮೇಲೆ ಬೆರಳು ದಪ್ಪದ ಜೇನುಬಣ್ಣದ ನೊರೆ. ಹನ್ನೊಂದು ತಿಂಗಳಲ್ಲಿ ಇಂಥದ್ದು ಇಳಿದಿರಲಿಲ್ಲ. ನರ್ಮದಾ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಮೊದಲ ಸಲ ಮಗುವನ್ನು ಕೈಗಿಟ್ಟಾಗ ಆದಂತೆಯೇ ಆಯಿತು ಎಂದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ.

ಕರೆಗಂಟೆ ಸದ್ದಾಯಿತು. ಕಪ್ಪನ್ನು ಟ್ರೇಯಲ್ಲಿಟ್ಟು ಬಾಗಿಲಿಗೆ ಓಡಿದಳು.

ನಿಖಿತಾ ಕಿವಿಗೆ ಫೋನು ಹಚ್ಚಿಕೊಂಡೇ ನಿಂತಿದ್ದಳು. ಒಂದು ಬೆರಳೆತ್ತಿ "ಒನ್ ಮಿನಿಟ್ ಆಂಟಿ" ಎಂದು ಕಣ್ಣಲ್ಲೇ ಹೇಳಿ, ಆಫೀಸಿನ ಯಾರಿಗೋ ಕಂಪ್ಯೂಟರಿನಲ್ಲಿ ಏನೋ ಬಿದ್ದುಹೋದದ್ದನ್ನು ಎಬ್ಬಿಸುವುದು ಹೇಗೆಂದು ವಿವರಿಸತೊಡಗಿದಳು. ನರ್ಮದಾ ಬಾಗಿಲು ಹಿಡಿದು ನಿಂತಳು. ನೊರೆ ಕರಗುತ್ತಿರುತ್ತದೆ. ಒಳಗೆ ಓಡಿ ತಂದುಬಿಡಲೇ ಎಂದರೆ ಬಂದವಳನ್ನು ಹೊಸ್ತಿಲಲ್ಲಿ ಬಿಟ್ಟುಹೋಗುವುದು ಹೇಗೆ. ಅಂತೂ ಹುಡುಗಿ ಒಳಗೆ ಬಂದು ಸೋಫಾದಲ್ಲಿ ಕೂತಳು. ನರ್ಮದಾ ಅಡಿಗೆಮನೆಗೆ ಹೋದಳು.

ಭೀಮವ್ವ ಖಾಲಿ ಕಪ್ಪನ್ನು ಟ್ರೇಗೆ ಇಡುತ್ತಿದ್ದರು.

"ಭೀಮವ್ವಾರ," ಎಂದಳು ನರ್ಮದಾ. ಕಪ್ಪಿನೊಳಗೆ ಬಗ್ಗಿ ನೋಡಿದಳು.

"ರುಚಿ ನೋಡಾಕ ಇಟ್ಟಿದ್ದಿಯಲ್ಲ, ನೋಡಿದೆ," ಎಂದರು ಅವರು ಸಹಜವಾಗಿ. "ನಮ್ಮ ಮನ್ಯಾಗೂ ಹಂಗ. ಹಿರೇರು ಒಂದ ಗುಟುಕ ನೋಡಿ ಹ್ಞೂ ಅಂದ ಮ್ಯಾಲೇನ ಮಂದೀಗೆ ಕೊಡೂದು. ಅಷ್ಟ ಸಣ್ಣ ಕಪ್ಪಿನಾಗ ಮತ್ತ ಯಾರಿಗೆ ಇಟ್ಟಿರ್ತಿ?"

ನರ್ಮದಾಳ ಬಾಯಿಗೆ ಬಂದ ಮಾತು ಒಂದೂ ಹಿರಿಯರಿಗೆ ಆಡುವಂಥದ್ದಾಗಿರಲಿಲ್ಲ. ಡಬ್ಬಿ ಖಾಲಿ. ಹೊರಗೆ ಹೋಗಿ, ಇವತ್ತು ಆಗಲಿಲ್ಲ ತಂಗಿ, ಬುಧವಾರ ಬಾ ಎಂದು ಹೇಳಿಬಿಡೋಣ ಎಂದು ತಿರುಗಿದಳು. ಅಷ್ಟರಲ್ಲಿ ಶಿವರುದ್ರಪ್ಪ ಪಾತೇಲಿಯಿಂದ ಮೂರು ದೊಡ್ಡ ಕಪ್ಪುಗಳಿಗೆ ಸೋಸಿ, ಬಸಿಗೆ ಸೋರುವಂತೆ ತುಂಬಿ, ತಾನೇ ಹೊರಗೆ ಒಯ್ದಿದ್ದ.

"ತಗೋವಾ. ಎಸ್ಪ್ರೆಸೊ."

ನಿಖಿತಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಅಂಕಲ್, ನೀವು ಮಾಡಿದ್ದಾ? ಇದು ನೆಕ್ಸ್ಟ್ ಲೆವೆಲ್. ಈ ಕ್ರೆಮಾ ನೋಡಿ ಆಂಟಿ, ಎಷ್ಟು ಥಿಕ್ಕಾಗಿದೆ." ಕ್ರೆಮಾ ಎಂದರೆ ಎಸ್ಪ್ರೆಸೊದ ನೊರೆ; ಆಕೆ ತೋರಿಸಿದ್ದು ಹಾಲಿನ ಕೆನೆಯನ್ನು.

"ನಿನಗ ಇದರಾಗ ಏನೇನ ರುಚಿ ಗೊತ್ತಾತವಾ?" ಎಂದು ನರ್ಮದಾ ಮೆಲ್ಲಗೆ ಕೇಳಿದಳು. ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ.

"ಒಂಥರಾ... ಕಾಫಿ ಕಾಫಿ ಇದೆ ಆಂಟಿ. ಸ್ವೀಟು ಪರ್ಫೆಕ್ಟ್."

ಶಿವರುದ್ರಪ್ಪ ಮೀಸೆ ತಿರುವಿದ. ಹುಡುಗಿ ಅವನನ್ನೂ ಕಪ್ಪನ್ನೂ ಒಟ್ಟಿಗೆ ಫೋಟೊ ಹಿಡಿದು ಸೊಸಾಯಟಿಯ ಗ್ರೂಪಿಗೆ ಕಳಿಸಿದಳು. ಆಕೆ ಲಿಫ್ಟು ಹತ್ತುವ ಮೊದಲೇ ಹದಿನಾರು ಮನೆಯವರು ಅಂಕಲ್ಲಿನ ಎಸ್ಪ್ರೆಸೊಗೆ ತಾವು ಯಾವಾಗ ಬರಬೇಕೆಂದು ಕೇಳಿದ್ದರು. "ಮುಂದಿನ ರವಿವಾರ ಎಲ್ಲಾರೂ ಬರ್ರಿ ಅಂತ ಹಾಕೀನಿ," ಎಂದ ಶಿವರುದ್ರಪ್ಪ. "ನೀ ಸ್ವಲ್ಪ ಕೈಗೂಡಸು."

ನರ್ಮದಾ ಅಡಿಗೆಮನೆಗೆ ಬಂದು ಯಂತ್ರ ತೊಳೆಯಲು ನಿಂತಳು. ಅಳು ಬರಲಿಲ್ಲ. ಕಪ್ಪನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು. ಭೀಮವ್ವ ಇನ್ನೂ ಕುರ್ಚಿಯಲ್ಲೇ ಇದ್ದರು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಏನನ್ನೋ ಹುಡುಕುತ್ತಿದ್ದರು.

"ನರ್ಮದಾ, ಆ ಸಣ್ಣ ಕಪ್ಪಿನಾಗ ಬೆಲ್ಲ ಹಾಕಿದ್ದೇನ?"

"ಏನೂ ಹಾಕಿಲ್ರಿ. ಬೀಜ, ನೀರ, ಅಷ್ಟ."

"ಸುಳ್ಳ ಹೇಳಬ್ಯಾಡ. ಮೊದಲ ನಾಲಿಗಿ ಜುಮ್ ಅಂತು. ಆಮ್ಯಾಲೆ ಗಾಣದ ಮನ್ಯಾಗ ಬೆಲ್ಲ ಕೊಪ್ಪರಗ್ಯಾಗ ಎರಡನೇ ಸಲ ಉಕ್ಕತದಲ್ಲ, ಆ ವಾಸ ಬಂತು. ಈಗ ನೋಡು, ಇಷ್ಟೊತ್ತಾತು, ಗಂಟಲಾಗ ಒಣ ಬಾರಿಹಣ್ಣ ಕೂತದ. ಹೋಗವಲ್ದು."

ನರ್ಮದಾ ಕೈ ಒರೆಸಿಕೊಳ್ಳದೆ ಬೀಜದ ಖಾಲಿ ಪಾಕೀಟು ತೆಗೆದಳು. ಈ ಬೀಜದಲ್ಲಿ ಸಿಗುವ ರುಚಿಗಳನ್ನು ಹುರಿದವನು ಇಂಗ್ಲಿಷಿನಲ್ಲಿ ಬರೆದಿದ್ದ: ಬೆಲ್ಲದ ಕಾಕಂಬಿ, ಒಣಗಿಸಿದ ಹಣ್ಣು. ಹನ್ನೊಂದು ತಿಂಗಳಲ್ಲಿ ಆಕೆಗೆ ಕಾಕಂಬಿ ಸಿಕ್ಕಿತ್ತು. ಹಣ್ಣು ಒಮ್ಮೆಯೂ ಸಿಕ್ಕಿರಲಿಲ್ಲ.

"ನಿಮಗ ಹೆಂಗ ಗೊತ್ತಾತ್ರಿ?"

"ಮುಧೋಳದಾಗ ನಮ್ಮ ತವರಮನೀದು ಗಾಣ ಇತ್ತು. ಪಾಕ ಇಳಸೂ ಮುಂದ ನಮ್ಮಪ್ಪ ಗಂಡುಮಕ್ಕಳ್ನ ಕರೀತಿರಲಿಲ್ಲ. ಭೀಮಿನ ಕರೀರಿ, ಆಕೀ ನಾಲಿಗಿ ಹೇಳ್ತದ ಅಂತಿದ್ದ. ಲಗ್ನ ಆದ ಮ್ಯಾಲ ಯಾರೂ ಕೇಳಲಿಲ್ಲ." ಭೀಮವ್ವ ಸೆರಗು ಕೊಡವಿಕೊಂಡು ಎದ್ದರು. "ಭಾಳ ಚಲೋ ಮಾಡಿದ್ದಿ. ಖರೇನ ಹೇಳ್ತೀನಿ."

ನರ್ಮದಾಳಿಗೆ ಅಡಿಗೆಮನೆ ಒಮ್ಮೆಲೇ ದೊಡ್ಡದಾದಂತೆ ಕಂಡಿತು. ಗ್ರೂಪಿನಲ್ಲಿ ಗಂಡನ ಫೋಟೊ ಯಾರು ಬೇಕಾದರೂ ನೋಡಿಕೊಳ್ಳಲಿ. ತನ್ನ ಕಪ್ಪನ್ನು ತಿಳಿದವರೊಬ್ಬರು ಕುಡಿದಾಗಿತ್ತು.

"ಒಂದ ಮಾತ," ಎಂದರು ಭೀಮವ್ವ ಬಾಗಿಲಲ್ಲಿ ನಿಂತು. "ನೀರ ಜಾಸ್ತಿ ಕಾದಿತ್ತು. ಕಡೀಕ ಒಂದ ಎಳಿ ಸುಟ್ಟ ವಾಸ ಇತ್ತು. ಫೋನಿನಾಗ ಮಾತಾಡಿಕೋತ ನಿಂತಿ ನೋಡು, ಅವಾಗ."

ಬುಧವಾರ ಹತ್ತು ಗಂಟೆಗೆ ಪಾರ್ಸೆಲ್ಲು ಬಂತು. ಹತ್ತೂ ಹತ್ತಕ್ಕೆ ಭೀಮವ್ವ ಬಂದು ಕುರ್ಚಿಯಲ್ಲಿ ಕೂತರು. ಮೊದಲ ಕಪ್ಪನ್ನು ಒಂದು ಗುಟುಕು ಕುಡಿದು ಬದಿಗೆ ಸರಿಸಿದರು. "ಹುಳಿ." ಎರಡನೆಯದನ್ನು ಮೂಸಿದರು, ಬಾಯಿಗೂ ಇಡಲಿಲ್ಲ. ಏಳನೆಯದಕ್ಕೆ ತಲೆಯನ್ನು ಸ್ವಲ್ಪ ಹೊರಳಿಸಿ, "ಸಮೀಪ ಬಂತು. ಆದ್ರ ಇದನ್ನ ಮಂದೀಗೆ ಕೊಟ್ಟಿ ಅಂದ್ರ ನನ್ನ ಹೆಸರ ಹೇಳಬ್ಯಾಡ," ಎಂದರು.

ರವಿವಾರದ ಹದಿನಾರು ಮನೆಗಳ ಹಾಲಿನ ಲೆಕ್ಕ ಹಾಕುತ್ತಾ ಶಿವರುದ್ರಪ್ಪ ಹೊರಗಿನಿಂದಲೇ, ಆ ಬೀಜ ತನಗೂ ಬೇಕು, ಎಲ್ಲಾ ಮುಗಿಸಬೇಡ ಎಂದು ಕೂಗಿದ. ಪಾಕೀಟು ಆಗಲೇ ಅರ್ಧಕ್ಕೆ ಇಳಿದಿತ್ತು. ಫಾಲ್ ಹಚ್ಚಬೇಕಾದ ಸೀರೆಗಳು ಹಾಗೇ ಬಿದ್ದಿದ್ದವು. ಒತ್ತಿ ಒತ್ತಿ ನರ್ಮದಾಳ ಹೆಗಲು ಹಿಡಿದುಕೊಂಡಿತ್ತು.

ಭೀಮವ್ವ ಖಾಲಿ ಕಪ್ಪನ್ನು ಆಕೆಯ ಕಡೆಗೆ ಸರಿಸಿ, ಗೋಡೆಗೆ ಆರಾಮಾಗಿ ಒರಗಿದರು.

"ಇನ್ನೊಂದ ಇಳಸು," ಎಂದರು. "ನನಗೇನ ಗಡಿಬಿಡಿ ಇಲ್ಲ. ಇನ್ನ ದಿನಾ ಬರ್ತೀನಿ."