ಕಾಗದವಿಲ್ಲದ ಕರೆಂಟ್ ಬಿಲ್ಲು

ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಅದರ ಕಹಳೆ ಊದುತ್ತಿದ್ದವನು ಕರೆಂಟ್ ಆಫೀಸಿನ ಜಂಗ್ಲಿಸಾಬ್. ಸೈಕಲ್ಲನ್ನು ನಮ್ಮ ಕಟ್ಟೆಗೆ ಒರಗಿಸಿ, ಮೀಟರಿನೊಳಗೆ ಇಣುಕಿ, ಕಿವಿಯ ಸಂದಿಯಲ್ಲಿದ್ದ ಪೆನ್ನು ತೆಗೆದು ಒಂದು ಚೀಟಿ ಬರೆದು ನನ್ನ ಹೆಂಡತಿ ಅಮರಮ್ಮನ ಕೈಗಿಟ್ಟು ಆತ ತನ್ನ ಪಾಡಿಗೆ ಹೋಗಿಬಿಡುತ್ತಿದ್ದ. ಆಮೇಲಿನದು ನನ್ನ ಪಾಡು. ಅಮರಮ್ಮ ಆ ಚೀಟಿಯನ್ನು ಜಡ್ಜ್ ಸಾಹೇಬರು ತೀರ್ಪು ಓದಿದಂತೆ ಓದುತ್ತಿದ್ದಳು. ಬಚ್ಚಲಿನ ದೀಪ ಆರಿಸದೆ ಬಂದವರು ಯಾರು, ಫ್ಯಾನನ್ನು ತಿರುಗಲು ಬಿಟ್ಟು ಕಟ್ಟೆಯ ಮೇಲೆ ಹರಟೆಗೆ ಕೂತವರು ಯಾರು, ಇಸ್ತ್ರಿ ಪೆಟ್ಟಿಗೆ ಕಾಯಲು ಇಟ್ಟು ಪೇಪರ್ ಓದುತ್ತ ಕೂತವರು ಯಾರು ಎಂದು ಒಂದೊಂದೇ ಆರೋಪ ಹೊರಬರುತ್ತಿತ್ತು. ಎಲ್ಲದಕ್ಕೂ ಆರೋಪಿ ಒಬ್ಬನೇ. (ಮನೆಯಲ್ಲಿ ಆಕೆಯ ತಂಗಿ ಬಸ್ಸಮ್ಮನೂ ಇದ್ದಳು. ಆದರೆ ಸಾಕ್ಷಿಯ ಕಟಕಟೆಯಲ್ಲಿ.)

ತೊಂಬತ್ತೆಂಟರ ಚಳಿಗಾಲದಲ್ಲಿ ಸಿಂಧನೂರಿನ ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂತು. ಗಾಜಿನ ಕೋಣೆಯಲ್ಲಿ ಅದನ್ನು ಕೂರಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂದು ಬೋರ್ಡು ಹಾಕಿದ್ದರು. ಇನ್ನು ಮುಂದೆ ಬೇಕಾದವರು ಹಳೆಯ ಹಾಗೆ ಚೀಟಿ ಹಿಡಿದು ಲೈನಿನಲ್ಲಿ ನಿಂತು ಬಿಲ್ಲು ಕಟ್ಟಬಹುದು, ಬೇಡವಾದವರು ಒಂದು ಅರ್ಜಿ ತುಂಬಿದರೆ ಸಾಕು, ಕಂಪ್ಯೂಟರೇ ತಿಂಗಳು ತಿಂಗಳು ಕಟ್ಟಿಬಿಡುತ್ತದೆ ಎಂದು ಮ್ಯಾನೇಜರು ತಿಳಿಸಿದರು. ನಾನು ಕಾಲುವೆ ಆಫೀಸಿನ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಕಾಗದ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ನನ್ನ ಕಾಯಕ. ಕಾಗದವೇ ಇಲ್ಲದ ಬಿಲ್ಲು ಎಂದ ಕೂಡಲೇ ನನಗೆ ಮೋಕ್ಷದ ಬಾಗಿಲು ತೆರೆದಂತಾಯಿತು. ಚೀಟಿ ಇಲ್ಲದಿದ್ದರೆ ತೀರ್ಪಿಲ್ಲ, ತೀರ್ಪಿಲ್ಲದಿದ್ದರೆ ಆರೋಪಿಯೂ ಇಲ್ಲ.

ಅಮರಮ್ಮ ಮಾತ್ರ ಕಾಗದದ ಪಕ್ಷ ಬಿಡಲಿಲ್ಲ. ಕೈಯಲ್ಲಿ ಹಿಡಿಯಲು ಬರದ ಬಿಲ್ಲನ್ನು ನಂಬುವುದು ಹೇಗೆ ಎಂಬುದು ಆಕೆಯ ವಾದ. ನಾನು ಇಪ್ಪತ್ತೊಂದನೆಯ ಶತಮಾನದ ಬಗ್ಗೆ ಒಂದು ಉಪನ್ಯಾಸ ಕೊಟ್ಟು ಅರ್ಜಿ ತುಂಬಲು ಕುಳಿತೆ. ಅದರಲ್ಲಿ ಮೀಟರಿನ ನಂಬರು ಬರೆಯಬೇಕಿತ್ತು.

"ಎದ್ದು ಮೀಟರ್ ನೋಡಿ ಬರೀರಿ" ಎಂದಳು ಅಮರಮ್ಮ.

ನನಗೆ ಅವಮಾನವಾಯಿತು. ಗೊರೇಬಾಳದಿಂದ ಮುಕ್ಕುಂದದವರೆಗಿನ ಗದ್ದೆಗಳ ಸರ್ವೆ ನಂಬರುಗಳನ್ನು ಕಣ್ಣು ಮುಚ್ಚಿ ಹೇಳುವ ನಾನು ನನ್ನ ಮನೆಯ ಮೀಟರಿನ ಮುಂದೆ ಕುತ್ತಿಗೆ ಚಾಚಿ ನಿಲ್ಲಬೇಕೆ? ನೆನಪಿನಿಂದಲೇ ಬರೆದೆ, ಸಹಿ ಹಾಕಿದೆ, ಕೊಟ್ಟು ಬಂದೆ.

ಮರುತಿಂಗಳು ಜಂಗ್ಲಿಸಾಬ್ ಚೀಟಿ ಚಾಚಿದಾಗ ನಾನು ಕೈ ಹಿಂದೆ ಕಟ್ಟಿಕೊಂಡು, ಇದು ಕಾಗದರಹಿತ ಮನೆ ಎಂದು ಘೋಷಿಸಿದೆ. ಆತ ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕರೆಂಟ್ ಬಿಲ್ಲು ಎಂದು ಅಚ್ಚುಕಟ್ಟಾಗಿ ಮುರಿದುಕೊಂಡಿದ್ದರು. ಅದೂ ಎಷ್ಟು? ಮೊದಲು ಬರುತ್ತಿದ್ದುದರಲ್ಲಿ ಅರ್ಧವೂ ಇಲ್ಲ. ಬೇಸಿಗೆ ಬಂತು, ನಮ್ಮ ಫ್ಯಾನು ಹಗಲೂ ಇರುಳೂ ತಿರುಗಿತು, ಬಿಲ್ಲು ಮಾತ್ರ ಮೇಲೇಳಲಿಲ್ಲ. ಅಮರಮ್ಮ ಹುಬ್ಬು ಗಂಟಿಕ್ಕಿದಳು. ಮನುಷ್ಯ ಲೆಕ್ಕ ಹಾಕಿದರೆ ತಪ್ಪು ಬೀಳುತ್ತದೆ, ಯಂತ್ರ ಕರಾರುವಾಕ್ಕಾಗಿ ಹಾಕುತ್ತದೆ, ಇಷ್ಟು ದಿನ ನಾವು ಸುಮ್ಮನೆ ಹೆಚ್ಚು ಕಟ್ಟಿದ್ದೇವೆ ಎಂದು ನಾನು ತಿಳಿಹೇಳಿದೆ. ಆಫೀಸಿನಲ್ಲೂ ಹೇಳಿದೆ. ನನ್ನ ಮಾತು ಕೇಳಿ ಇಬ್ಬರು ಅರ್ಜಿ ತಂದರು.

ಮುಂದೊಂದು ದಿನ ಜಂಗ್ಲಿಸಾಬ್ ನಮ್ಮ ಹೆಸರಿನಲ್ಲಿ ಬಾಕಿ ತೋರಿಸುತ್ತಿದೆ ಎಂದ. ಬ್ಯಾಂಕಿಗೂ ನಿಮ್ಮ ಆಫೀಸಿಗೂ ಇನ್ನೂ ಪರಿಚಯ ಸರಿಯಾಗಿ ಆಗಿಲ್ಲ, ಆಗುತ್ತದೆ ಎಂದು ಕಳಿಸಿದೆ. ಆಮೇಲೆ ಕೆಂಪು ಶಾಯಿಯ ನೋಟೀಸು ತಂದ. ಅದೂ ಕಾಗದವೇ ಆದ್ದರಿಂದ ತತ್ವಕ್ಕೆ ಕಟ್ಟುಬಿದ್ದು ಅದನ್ನೂ ಮುಟ್ಟಲಿಲ್ಲ.

ಇಷ್ಟರಲ್ಲಿ ಬಸ್ಸಮ್ಮನಿಗೆ ಒಂದು ಸಂಬಂಧ ಬಂತು. ನನ್ನ ಮಾವ ತೀರಿಕೊಂಡ ಮೇಲೆ ಆಕೆಯ ಮದುವೆ ನನ್ನ ಹೆಗಲಿಗೆ ಬಿದ್ದಿತ್ತು. ಹಿಂದೆ ಬಂದ ಒಂದು ಸಂಬಂಧ ನನ್ನ ಬಾಯಿಂದಲೇ ಮುರಿದುಬಿದ್ದಿತ್ತು. (ಹುಡುಗನ ತಂದೆಗೆ ಭತ್ತ ಬೆಳೆಯುವುದು ಹೇಗೆಂದು ಹೇಳಿಕೊಡಲು ಹೋಗಿದ್ದೆ. ಅವರು ಹುಟ್ಟಿನಿಂದ ಭತ್ತ ಬೆಳೆದವರು.) ಈ ಹುಡುಗ ಅಂಬಪ್ಪ, ಮಸ್ಕಿಯಲ್ಲಿ ಸಾಲಿ ಮಾಸ್ತರ. ತಂದೆ ತಾಯಿ ಇಲ್ಲ, ಲಿಂಗಸುಗೂರಿನ ಸೋದರಮಾವ ಆದಪ್ಪ ಸಾಕಿ ದೊಡ್ಡವನನ್ನಾಗಿ ಮಾಡಿದ್ದರು. ಈ ಮನೆತನ ಕೈತಪ್ಪಬಾರದೆಂದು ಅಮರಮ್ಮನಿಗೆ ಬಹಳ ಆಸೆ. ಹಿಂದಿನ ಸಂಬಂಧ ಮುರಿದಾಗ ಬಸ್ಸಮ್ಮ ಯಾರಿಗೂ ಏನೂ ಅನ್ನದೆ ಅಡುಗೆಮನೆ ಸೇರಿದ್ದಳು. ಅದು ನನಗೂ ಚುಚ್ಚುತ್ತಿತ್ತು.

"ಇವತ್ತ ನೀವು ಬಂದವ್ರಿಗೆ ನೀರು ಕೊಡ್ರಿ, ಕುಂದರಸ್ರಿ. ಮಾತು ನಾ ಆಡತೀನಿ" ಎಂದು ಅವರು ಹೆಣ್ಣು ನೋಡಲು ಬರುವ ದಿನ ಅಮರಮ್ಮ ಬೆಳಿಗ್ಗೆಯೇ ಎಚ್ಚರಿಸಿದಳು.

ಮೇ ತಿಂಗಳ ಶನಿವಾರ. ಸಿಂಧನೂರಿನ ಬಿಸಿಲಿಗೆ ಅಕ್ಕಿ ಮಿಲ್ಲಿನ ತಗಡು ಸಿಡಿಯುತ್ತಿತ್ತು. ಆದಪ್ಪನವರು ಭಾರೀ ಆಳು, ಜರಿ ಅಂಚಿನ ರುಮಾಲು, ಅಳೆದು ತೂಗಿ ಮಾತು. ಅವರನ್ನು ಫ್ಯಾನಿನ ನೆಟ್ಟ ನಡುವೆ ಕೂರಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇಟ್ಟೆವು. ಅಂಬಪ್ಪ ತಲೆ ಎತ್ತದೆ ಕುಳಿತಿದ್ದ. ಫ್ಯಾನಿನ ಗಾಳಿಗೆ ಆದಪ್ಪನವರು ಕಣ್ಣು ಅರೆಮುಚ್ಚಿ, ನಿಮ್ಮ ಮನೆ ತಂಪದ ಎಂದರು. ಅಷ್ಟೇ ಸಾಕಾಯಿತು. ಕಂಪ್ಯೂಟರ್ ಬಿಲ್ಲಿನ ಮಹಿಮೆ ನನ್ನ ಬಾಯಿಂದ ತುಂಗಭದ್ರಾ ಕಾಲುವೆಯಂತೆ ಹರಿಯತೊಡಗಿತು. ಬಾಗಿಲ ಸಂದಿಯಲ್ಲಿ ಅಮರಮ್ಮ ಕಣ್ಣು ಬಿಡುತ್ತಿದ್ದುದು ಕಂಡರೂ ಕಾಣದಂತೆ ಮುಂದುವರಿದೆ. ಈ ಮನೆಯಲ್ಲಿ ಬಾಕಿ ಎಂಬ ಶಬ್ದವೇ ಇಲ್ಲ ಎನ್ನುವಷ್ಟರಲ್ಲಿ ಫ್ಯಾನು ನಿಧಾನಕ್ಕೆ ಸುತ್ತುತ್ತ, ಮುಲುಗುತ್ತ ನಿಂತಿತು.

ಲೈನ್ ಹೋಗಿರಬೇಕು ಎಂದೆ. ಪಕ್ಕದ ಮನೆಯ ಟೇಪ್‌ರೆಕಾರ್ಡರು ಎಂದಿಗಿಂತ ಜೋರಾಗಿ ಹಾಡುತ್ತಿತ್ತು. ಆದಪ್ಪನವರ ಬಾಯಲ್ಲಿ ಅರ್ಧ ಮಿರ್ಚಿ, ಹಣೆಯ ಮೇಲೆ ಬೆವರು. ಆಗ ಬಾಗಿಲಲ್ಲಿ ಜಂಗ್ಲಿಸಾಬ್ ಕಾಣಿಸಿಕೊಂಡ. ಕೈಯಲ್ಲಿ ನಮ್ಮ ಮನೆಯ ಫ್ಯೂಜು.

"ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಚಳಿಗಾಲದಿಂದ ನೀವು ಬಿಲ್ ಕಟ್ಟಿಲ್ಲ. ಮ್ಯಾಲಿನವ್ರು ಕಿತ್ತು ತಾ ಅಂದ್ರು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಸೋಲುವುದು ಹೇಗೆ? ಪಾಸ್‌ಬುಕ್ ತಂದು ಆಡಿಸಿದೆ, ಪ್ರತಿ ತಿಂಗಳೂ ಕಟ್ಟಿದೆ ಎಂದೆ. ಯಾವ ನಂಬರಿಗೆ ಕಟ್ಟೀರಿ ಎಂದು ಜಂಗ್ಲಿಸಾಬ್ ಕೇಳಿದ. ನಾನು ಎದೆಯುಬ್ಬಿಸಿ, ಮಗ್ಗಿ ಒಪ್ಪಿಸುವ ಹುಡುಗನಂತೆ ನಂಬರನ್ನು ಗಟ್ಟಿಯಾಗಿ ಹೇಳಿದೆ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಅಂಬಪ್ಪ ತಲೆ ಎತ್ತಿದ.

"ಅದು ಮಸ್ಕಿದಾಗ ನಾ ಇರೋ ಬಾಡಿಗಿ ಮನಿ ಮೀಟರ್ ನಂಬರ್ ರೀ" ಎಂದ.

ಹೌದು. ನಾವು ಸಿಂಧನೂರಿಗೆ ಬರುವ ಮೊದಲು ನನ್ನ ಕೆಲಸ ಮಸ್ಕಿಯಲ್ಲಿತ್ತು. ಆಗ ನಾವಿದ್ದ ಬಾಡಿಗೆ ಮನೆಗೆ ಈಗ ಈ ಮಾಸ್ತರ ಬಂದಿದ್ದ. ನನ್ನ ಘನ ನೆನಪು ಸಿಂಧನೂರಿಗೆ ವರ್ಗವಾಗದೆ ಮಸ್ಕಿಯಲ್ಲೇ ಉಳಿದುಕೊಂಡಿತ್ತು. ಒಂಟಿ ಮನುಷ್ಯ, ಒಂದು ಬಲ್ಬು. ಬೇಸಿಗೆಯಲ್ಲೂ ಬಿಲ್ಲು ಏರದ ಕರಾರುವಾಕ್ ಯಂತ್ರದ ಗುಟ್ಟು ಇಷ್ಟೇ.

ಅಂಬಪ್ಪ ಮೆಲ್ಲಗೆ ಎಲ್ಲವನ್ನೂ ಹೇಳಿದ. ಮೊದಲ ತಿಂಗಳು ಬಿಲ್ಲು ಕಟ್ಟಲು ಹೋದಾಗ ಆಗಲೇ ಕಟ್ಟಿದ್ದಾರೆ ಎಂದರಂತೆ. ಮನೆ ಮಾಲೀಕನನ್ನು ಕೇಳಿದರೆ ಅವನೂ ಅಲ್ಲ. ಕರೆಂಟ್ ಆಫೀಸಿನಲ್ಲಿ ಮತ್ತೆ ಮತ್ತೆ ಕೇಳಿದ್ದಕ್ಕೆ, ಸಿಂಧನೂರಿನ ಬ್ಯಾಂಕಿನಿಂದ ಬರುತ್ತದೆ, ಪುಕ್ಕಟೆ ಬೆಳಕು ಬಂದರೆ ಸುಮ್ಮನೆ ಓದಿಕೋ ಮಾಸ್ತರ ಎಂದು ನಕ್ಕು ಕಳಿಸಿದ್ದರು. ಯಾರ ದುಡ್ಡೋ ಎಂದು ಆತ ತಿಂಗಳು ತಿಂಗಳು ಅಷ್ಟನ್ನು ಬೇರೆ ಇಟ್ಟಿದ್ದ. ಹೇಗೂ ಸಿಂಧನೂರಿಗೆ ಬರುತ್ತಿದ್ದೇನಲ್ಲ, ಬ್ಯಾಂಕಿನಲ್ಲಿ ವಿಚಾರಿಸೋಣವೆಂದು ಜೇಬಿನಲ್ಲಿ ಹಾಕಿಕೊಂಡೇ ಬಂದಿದ್ದ.

"ಆಫೀಸು ಇನ್ನೂ ತೆರೆದಿರತೈತಿ. ಕಟ್ಟಿ ಬರತೀನಿ" ಎಂದು ಎದ್ದವನೇ, ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಜಂಗ್ಲಿಸಾಬನ ಸೈಕಲ್ಲಿನ ಹಿಂದೆ ಕುಳಿತು ಹೊರಟುಬಿಟ್ಟ. ಕಡಿಮೆ ಬಿದ್ದರೆ ಇರಲೆಂದು ನನ್ನ ಜೇಬಿನಲ್ಲಿದ್ದುದನ್ನೆಲ್ಲ ಓಡಿಹೋಗಿ ಅವನ ಕೈಗೆ ತುರುಕಿದೆ.

ಉಳಿದವರು ಆದಪ್ಪ ಮತ್ತು ನಾನು. ಬೀಸಣಿಗೆ ಹಿಡಿದು ಅವರಿಗೆ ಗಾಳಿ ಹಾಕುತ್ತ ನಿಂತೆ. ಅವರು ರುಮಾಲು ತೆಗೆದರು, ಬೆವರು ಒರೆಸಿಕೊಂಡರು, ಮತ್ತೆ ಸುತ್ತಿಕೊಂಡರು. ಹೆಣ್ಣು ನೋಡಲು ಕರೆಸಿ ವರನನ್ನು ಬಿಲ್ಲಿನ ಲೈನಿಗೆ ಕಳಿಸಿದ ಬೀಗ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಬಸ್ಸಮ್ಮ ಮತ್ತೆ ಅಡುಗೆಮನೆಯ ಗೋಡೆ ನೋಡುತ್ತಿರಬಹುದು ಅನ್ನಿಸಿತು. ಬೀಸುವ ಕೈ ಸೋತರೂ ನಿಲ್ಲಿಸುವ ಧೈರ್ಯ ಬರಲಿಲ್ಲ.

ಕಡೆಗೆ ಅಮರಮ್ಮ ಹೊರಗೆ ಬಂದು ಸೆರಗು ಸರಿಮಾಡಿಕೊಂಡು ನಿಂತಳು.

"ಯಣ್ಣ, ಈ ಮನಿ ಗಂಡಸು ಹಿಂಗ. ಬಾಯಿ ಜಾಸ್ತಿ, ಮನಸು ಕೆಟ್ಟದ್ದಲ್ಲ. ಇವ್ರನ್ನ ನೋಡಿ ನಮ್ಮ ಹುಡುಗೀನ್ನ ತೂಗಬ್ಯಾಡ್ರಿ. ತನಗ ಸೇರದ ದುಡ್ಡು ಬ್ಯಾರೆ ಇಡೋ ಹುಡುಗಗ ತಂಗೀನ್ನ ಕೊಡಾಕ ನಾ ಕಣ್ಣು ಮುಚ್ಚಿ ಒಪ್ಪೀನಿ. ನಿಮ್ಮ ಮಾತು ನೀವು ಹೇಳ್ರಿ."

ಆದಪ್ಪನವರು ನನ್ನನ್ನು ದೀರ್ಘವಾಗಿ ನೋಡಿದರು. ಅವರ ಹೊಟ್ಟೆ ಕುಲುಕಿತು. ಬೆವರಿನ ಉಪದ್ರವವೋ ಎಂದು ಹೆದರಿ ಜೋರಾಗಿ ಬೀಸಿದೆ. ಅದು ನಗೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮದುವೆಗೆ ಮೊದಲೇ ಅಳಿಯನ ಮನೆಯ ದೀಪ ಉರಿಸಿದ ಇಂಥ ಬೀಗರನ್ನು ಬಿಟ್ಟು ಬೇರೆಲ್ಲಿಗೆ ಹೋಗಲಿ ಎಂದರು. ಬೀಸಣಿಗೆ ಕೈಯಿಂದ ಜಾರಿತು.

ಅಂಬಪ್ಪ ಬಿಸಿಲಿನಲ್ಲಿ ಕೆಂಪಾಗಿ ವಾಪಸ್ಸು ಬಂದ. ರಸೀದಿ ಚಾಚಿದ. ಕಾಗದವೇ ಆದರೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಜಂಗ್ಲಿಸಾಬ್ ಫ್ಯೂಜು ಹಾಕಿದ, ಫ್ಯಾನು ಮುಲುಗುತ್ತ ಎದ್ದಿತು. ಬಸ್ಸಮ್ಮ ಎಲ್ಲರಿಗೂ ಶರಬತ್ತು ತಂದಿಟ್ಟಳು, ಜಂಗ್ಲಿಸಾಬನಿಗೂ.

ಹುಡುಗಿಯನ್ನೂ ಒಂದು ಮಾತು ಕೇಳಿಬಿಡಿ ಎಂದರು ಆದಪ್ಪ. ನಮ್ಮ ಬಸ್ಸಮ್ಮ ಹೆಚ್ಚು ಮಾತಾಡುವವಳಲ್ಲ. ತಟ್ಟೆ ಎದೆಗವಚಿಕೊಂಡು ನನ್ನತ್ತ ಒಮ್ಮೆ ನೋಡಿದಳು.

"ನನಗ ಒಪ್ಪಿಗಿ ಐತಿ. ಆದ್ರ ಲಗ್ನಪತ್ರಿಕಿದಾಗ ಹೆಸರು, ಊರು ಬರಿಯೋದು ಮಾವಗ ಕೊಡಬ್ಯಾಡ್ರಿ" ಎಂದಳು. (ನಮ್ಮ ಕಡೆ ಅಕ್ಕನ ಗಂಡನೂ ಮಾವನೇ.) "ನೆನಪಿಲೆ ಬರದಾನು. ಮಸ್ಕಿದಾಗ ಯಾರದರೆ ಮದುವಿ ಆಗಿಹೋದೀತು."

ಎಲ್ಲರಿಗಿಂತ ಜೋರಾಗಿ ನಕ್ಕವನು ಜಂಗ್ಲಿಸಾಬ್.