ಷಡ್ಡಕನ ದೇಶದ ಮೇಲೆ ನನ್ನ ಸಮರ

ಕೆನಡಾ ದೇಶದ ಮಾನ ಕಾಪಾಡುವ ಹೊಣೆ ನನ್ನ ಹೆಗಲಿಗೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಾಗ. ಹೊಳೆಯಾಚೆಯವರು ನಮ್ಮ ಸಾಮಾನಿನ ಮೇಲೆ ಮತ್ತೆ ಸುಂಕ ಏರಿಸಿದರೆಂದು ರೇಡಿಯೋದವನು ಹೇಳಿದ. ಹೊಳೆಯಾಚೆ ಎಂದರೆ ಅಮೆರಿಕ. ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅವರ ಪೆಟ್ರೋಲ್ ಬಂಕಿನ ದೀಪ ಕಾಣುತ್ತದೆ. ನಾನು ಬೆಣ್ಣೆಯ ಚಾಕುವನ್ನು ಖಡ್ಗದಂತೆ ಎತ್ತಿ ಹಿಡಿದು ಆ ದೀಪದ ಕಡೆ ಝಳಪಿಸಿದೆ.

“ಇವತ್ತಿಂದ ಅಮೆರಿಕದ ಒಂದು ಹುಲ್ಲುಕಡ್ಡಿನೂ ಈ ಹೊಸ್ತಿಲು ದಾಟಬಾರದು.”

ನನ್ನ ಹೆಂಡತಿ ವರ್ನಾ ಪೇಪರಿನಿಂದ ತಲೆಯೆತ್ತಲಿಲ್ಲ. “ಡ್ವೇನ್ ದಾಟಬಹುದೋ?”

ಡ್ವೇನ್ ನನ್ನ ಷಡ್ಡಕ. ವರ್ನಾಳ ತಂಗಿ ನೊರೀನ್‌ಳನ್ನು ಮದುವೆಯಾಗಿ ಸೇತುವೆಯಾಚೆಗೆ ಕರೆದುಕೊಂಡು ಹೋದವನು, ಹುಟ್ಟಾ ಅಮೆರಿಕದವನು. ಪ್ರತಿವರ್ಷ ಮಾರ್ಚಿನಲ್ಲಿ ಎರಡು ದಡದ ಕರ್ಲಿಂಗ್ ಕ್ಲಬ್ಬುಗಳಿಗೂ ಪಂದ್ಯ ನಡೆಯುತ್ತದೆ. ಅಂದು ಗಂಡ ಹೆಂಡತಿ ಬಂದು ಆಡಿ, ನಮ್ಮ ಮನೆಯಲ್ಲೇ ಉಳಿದುಕೊಳ್ಳುತ್ತಾರೆ. ಅಕ್ಕ ತಂಗಿ ಅಡುಗೆಮನೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ಒಂದು ದಿನಕ್ಕಾಗಿ ವರ್ನಾ ವರ್ಷವೆಲ್ಲಾ ಕಾಯುತ್ತಾಳೆ. ಈ ಸಲದ ಪಂದ್ಯ ಆ ಶನಿವಾರವೇ ಇತ್ತು.

“ಡ್ವೇನ್ ವಿಷಯ ಪರಿಶೀಲನೆಯಲ್ಲಿದೆ,” ಎಂದೆ, ಮಂತ್ರಿಯ ಗತ್ತಿನಲ್ಲಿ.

“ಪರಿಶೀಲಿಸಿ, ಚೆನ್ನಾಗಿ ಪರಿಶೀಲಿಸಿ. ನೊರೀನ್ ನಿನ್ನೆ ಫೋನ್ ಮಾಡಿದ್ಳು. ‘ಅಕ್ಕ, ಇವರಿಗೆ ಆ ಕಡೆ ಬರೋಕೇ ಮುಖ ಇಲ್ವಂತೆ, ಭಾವ ಏನಂತಾರೋ’ ಅಂತ ಅಳ್ತಿದ್ಳು. ನೀವು ಅವನಿಗೆ ಒಂದು ಕೊಂಕು ಮಾತಾಡಿದ್ರೂ ಅವಳು ಇನ್ನು ಈ ಮನೆಗೆ ಕಾಲಿಡಲ್ಲ. ಅವಳು ಬರದಿದ್ರೆ ನಾನೇ ಆ ಕಡೆ ಹೋಗಿ ಇರ್ತೀನಿ. ನೀವು ನಿಮ್ಮ ಹೊಸ್ತಿಲು ಕಾಯ್ಕೊಂಡು ಬಿದ್ದಿರಿ.”

ವೀರರು ಹೆಂಡತಿಯ ಮಾತಿಗೆ ಹೆದರಿದ್ದುಂಟೇ? ಉಂಟು. ಆದರೂ ಅಂದೇ ಕಿರಾಣಿ ಅಂಗಡಿಗೆ ದಂಡಯಾತ್ರೆ ಹೊರಟೆ. ನಮ್ಮೂರಲ್ಲಿ ಆಗ ಒಂದು ಹೊಸ ಪದ್ಧತಿ ಶುರುವಾಗಿತ್ತು. ಅಮೆರಿಕದ ಸಾಮಾನು ಕಂಡರೆ ಅದನ್ನು ಶೆಲ್ಫಿನಲ್ಲೇ ತಲೆಕೆಳಗು ಮಾಡಿ ನಿಲ್ಲಿಸುವುದು, ಹಿಂದೆ ಬಂದವರು ಅದನ್ನು ನೋಡಿ ಮುಟ್ಟದೆ ಮುಂದೆ ಹೋಗುವುದು. ನಾನು ಸೂಪಿನ ಡಬ್ಬಿ, ಜೋಳದ ಡಬ್ಬಿ, ಕಡಲೆಕಾಯಿ ಬೆಣ್ಣೆ ಎಲ್ಲಕ್ಕೂ ಶೀರ್ಷಾಸನ ಹಾಕಿಸುತ್ತಾ ಟೊಮೆಟೊ ಸಾಸಿನವರೆಗೆ ಬಂದೆ. ಅಲ್ಲಿ ಧರ್ಮಸಂಕಟ ಎದುರಾಯಿತು. ಆ ಬಾಟಲಿಗಳು ಮೊದಲೇ ಮುಚ್ಚಳದ ಮೇಲೆ ತಲೆಕೆಳಗಾಗಿ ನಿಂತಿದ್ದವು. ತಿರುಗಿಸಿದರೆ ನೆಟ್ಟಗಾಗುತ್ತವೆ, ಶತ್ರುವಿಗೆ ಎದ್ದುನಿಂತು ಮರ್ಯಾದೆ ಕೊಟ್ಟಂತಾಗುತ್ತದೆ. ತಿರುಗಿಸದಿದ್ದರೆ ಕರ್ತವ್ಯಲೋಪ.

ಏನಾದರಾಗಲಿ ಎಂದು ಒಂದನ್ನು ತಿರುಗಿಸಿದೆ. ಅದರ ಬುಡ ದುಂಡಗಿತ್ತು. ಅದು ಉರುಳಿ ಪಕ್ಕದ್ದನ್ನು ತಳ್ಳಿತು, ಪಕ್ಕದ್ದು ಅದರ ಪಕ್ಕದ್ದನ್ನು ತಳ್ಳಿತು. ಹಿಡಿಯಲು ಹೋದ ನಾನು ಕಾಲು ಜಾರಿ ಅವುಗಳ ಮೇಲೇ ಕೂತೆ. ಅಂಗಡಿಯ ಮಿಸೆಸ್ ಗಾಲಾಂಟ್ ಬಟ್ಟೆ, ಬಕೆಟ್ಟು ಎರಡನ್ನೂ ತಂದು ನನ್ನ ಮುಂದಿಟ್ಟಳು.

“ಎಲ್ಡನ್, ತಿರುಗಿಸೋಕೆ ಮುಂಚೆ ಚೀಟಿ ಓದೋದಲ್ವೇನಪ್ಪಾ? ಇದು ಒಂಟಾರಿಯೊ ಟೊಮೆಟೊ. ನಮ್ಮದೇ.”

ಬೆನ್ನಿಂದ ಮೊಣಕಾಲಿನವರೆಗೆ ಕೆಂಪಾಗಿ ಮನೆಗೆ ಬಂದ ನನ್ನನ್ನು ನೋಡಿ ವರ್ನಾ ಬಾಗಿಲಲ್ಲೇ ನಿಂತಳು. “ಯಾರನ್ನ ಕೊಂದು ಬಂದ್ರಿ?”

“ನಮ್ಮವರನ್ನೇ,” ಎಂದು ಬಚ್ಚಲಿಗೆ ಹೋದೆ.

ಇಷ್ಟಾದರೂ ನನ್ನ ಛಲ ಇಳಿಯಲಿಲ್ಲ. ಆದರೆ ನಿಜವಾದ ಪೇಚು ಶನಿವಾರದ್ದು. ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಜಾರಿಸಿ, ಅದರ ಮುಂದೆ ಪೊರಕೆಯಿಂದ ಉಜ್ಜುತ್ತಾ ಓಡಿ, ಆಚೆ ತುದಿಯ ವೃತ್ತದ ನಡುವೆ ಅದನ್ನು ತಂದು ಕೂರಿಸುವ ಆಟ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಸಬೇಕು, ಜೊತೆಗೆ ಕೂತು ಕುಡಿಯಬೇಕು. ಅಜ್ಜಂದಿರ ಕಾಲದಿಂದ ಬಂದ ನೇಮ. ಆ ಗ್ಲಾಸನ್ನು ಬೇಡವೆಂದ ಮಹಾನುಭಾವ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಈಗ ಗೆದ್ದರೆ ಅಮೆರಿಕದವನಿಗೆ ನಾನು ಕುಡಿಸಬೇಕು. ಸೋತರೆ ಅಮೆರಿಕದವನ ಕೈಯಿಂದ ನಾನು ಕುಡಿಯಬೇಕು. ಅತ್ತ ದರಿ, ಇತ್ತ ಪುಲಿ.

“ಸಮ ಮಾಡ್ಕೊಂಡ್ರೆ ಹೇಗೆ?” ಎಂದು ವರ್ನಾಳನ್ನು ಕೇಳಿದೆ.

“ಸಮ ಆದ್ರೆ ಇನ್ನೊಂದು ಸುತ್ತು ಆಡಿಸ್ತಾರೆ. ನೀವು ತಲೆ ಓಡಿಸ್ಬೇಡಿ, ಪೊರಕೆ ಓಡಿಸಿ ಸಾಕು.”

ನಮ್ಮ ತಂಡಕ್ಕೆ ವರ್ನಾಳೇ ನಾಯಕಿ. ಮನೆಯಲ್ಲಿ ಹೇಗೋ ಮಂಜಿನ ಮೇಲೂ ಹಾಗೆಯೇ.

ಶುಕ್ರವಾರ ಗಡ್ಡ ಹೆರೆದುಕೊಳ್ಳುವಾಗ ದಾರಿ ಹೊಳೆಯಿತು. ಗೆಲ್ಲಬೇಕು. ಗೆದ್ದು ಡ್ವೇನ್‌ಗೆ ನಮ್ಮ ದೇಶದ ವಿಸ್ಕಿಯನ್ನೇ ಕುಡಿಸಬೇಕು. ಆಗ ಅದು ಉಪಚಾರವಲ್ಲ, ರಫ್ತು! ಅದೂ ಅವನ ಹೊಟ್ಟೆಯೊಳಗೆ ಕೂತು ಸುಂಕ ಕಟ್ಟದೆ ಗಡಿ ದಾಟುವ ರಫ್ತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ, ಗಲ್ಲ ಕುಯ್ದುಹೋಯಿತು.

ಶನಿವಾರ ಮಧ್ಯಾಹ್ನ ಅವರಿಬ್ಬರೂ ನೇರವಾಗಿ ಕ್ಲಬ್ಬಿಗೇ ಬಂದರು. ಡ್ವೇನ್ ಬಾಗಿಲಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಆನೆಯಂಥ ಆಳು, ಅಂದು ಯಾಕೋ ಚಿಕ್ಕವನಾಗಿ ಕಂಡ.

“ಹೇಗಿದ್ದೀಯಾ ಎಲ್ಡನ್?”

“ಇದ್ದೀನಿ,” ಎಂದೆ. ಅಷ್ಟೇ. ನೊರೀನ್‌ಳ ಮುಖ ಬಾಡಿತು. ವರ್ನಾ ನನ್ನ ತೋಳು ಚಿವುಟಿದ ಜಾಗ ಈಗಲೂ ಮಳೆ ಬರುವ ಮುನ್ನ ನೋಯುತ್ತದೆ.

ಪಂದ್ಯ ಕೊನೆಯವರೆಗೂ ಸರಿಸಮವಾಗಿ ನಡೆಯಿತು. ಕಡೆಯಲ್ಲಿ ಅವರ ಕಲ್ಲು ವೃತ್ತದ ನಡುವಿಗೆ ಹತ್ತಿರವಿತ್ತು, ನಮಗೆ ಉಳಿದಿದ್ದು ಒಂದೇ ಕಲ್ಲು. ಅದನ್ನು ವರ್ನಾ ಜಾರಿಸಿದಳು. ಎಂಥ ಕಲ್ಲು! ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ನಾನೂ ಪಕ್ಕದ ಮನೆಯ ಹಾರ್ಲನ್ನೂ ಅದರ ಮುಂದೆ ಉಜ್ಜುತ್ತಾ ಓಡಿದೆವು. “ಉಜ್ರೀ, ಜೋರಾಗಿ ಉಜ್ರೀ,” ಎಂದು ಹಿಂದಿನಿಂದ ವರ್ನಾ ಕೂಗುತ್ತಿದ್ದಳು. ನಾನು ದೇಶವನ್ನು ನೆನೆದು ಉಜ್ಜಿದೆ. ಆ ರಭಸಕ್ಕೆ ನನ್ನ ಪೊರಕೆ ಕಲ್ಲಿಗೆ ತಗುಲಿಬಿಟ್ಟಿತು.

ಯಾರೂ ನೋಡಲಿಲ್ಲ. ನಮ್ಮ ಆಟದಲ್ಲಿ ತೀರ್ಪುಗಾರನಿಲ್ಲ, ಮುಟ್ಟಿದವನೇ ಮುಟ್ಟಿದೆ ಎಂದು ಒಪ್ಪಿಕೊಳ್ಳಬೇಕು, ಕಲ್ಲನ್ನು ಎತ್ತಿ ಆಚೆ ಇಡಬೇಕು. ಆದರೆ ದೇಶದ ಹಿತ ದೊಡ್ಡದಲ್ಲವೇ? ಬಾಯಿ ಮುಚ್ಚಿಕೊಂಡಿರಬೇಕೆಂದು ತೀರ್ಮಾನಿಸಿದೆ. ಆ ತೀರ್ಮಾನ ಬಾಯಿಗೆ ತಲುಪುವ ಮೊದಲೇ ಬಾಯಿ ತನ್ನ ಕೆಲಸ ಮುಗಿಸಿತ್ತು.

“ಅಯ್ಯೋ, ಸಾರಿ.”

ಕಲ್ಲಿಗೆ ಹೇಳಿದ್ದೆ. ನಮ್ಮ ಜನವೇ ಹಾಗೆ. ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡವನೇ ಸಾರಿ ಎನ್ನುತ್ತಾನೆ. ಕತ್ತಲಲ್ಲಿ ಬಾಗಿಲಿಗೆ ಢಿಕ್ಕಿ ಹೊಡೆದರೆ ಬಾಗಿಲಿನ ಕ್ಷಮೆ ಕೇಳುತ್ತೇವೆ. ಆದರೆ ಆ ತಗಡಿನ ಚಾವಣಿಯ ಕೆಳಗೆ ಪಿಸುಮಾತೂ ಮೊಳಗುತ್ತದೆ.

“ಯಾರಿಗ್ರೀ ಸಾರಿ ಹೇಳಿದ್ದು?” ಆಚೆ ತುದಿಯಿಂದ ವರ್ನಾ ಕೇಳಿದಳು.

“ಕಲ್ಲಿಗೆ,” ಎಂದೆ.

ವೃತ್ತದ ಪಕ್ಕದಲ್ಲಿ ನಿಂತಿದ್ದ ಡ್ವೇನ್ ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನೇ ಬಗ್ಗಿ ಆ ಕಲ್ಲನ್ನು ಆಚೆ ಸರಿಸಿದೆ. ಸೋತೆವು.

ಬಾರಿನಲ್ಲಿ ಡ್ವೇನ್ ಎರಡು ಗ್ಲಾಸು ಹಿಡಿದುಕೊಂಡು ಬಂದ. “ನಿಮ್ಮ ವಿಸ್ಕಿನೇ. ನಮ್ಮದನ್ನೆಲ್ಲಾ ಇಲ್ಲಿ ತೆಗೆದುಹಾಕಿದ್ದಾರಂತಲ್ಲ. ಇದ್ದಿದ್ರೂ ನಾನು ತರ್ತಿರ್ಲಿಲ್ಲ.”

ನಾನು ಕೈ ಚಾಚಲಿಲ್ಲ. ಗೋಡೆಯ ಹತ್ತಿರ ನೊರೀನ್ ಕೋಟು ಹಾಕಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು ಕೋಟು ಹಾಕಿಕೊಳ್ಳುತ್ತಿದ್ದಳು. ಅದು ವರ್ನಾ. ತಡಮಾಡದೆ ಗ್ಲಾಸು ತೆಗೆದುಕೊಂಡೆ.

ಡ್ವೇನ್ ಕೂರಲಿಲ್ಲ. ಗಂಟಲು ಸರಿಪಡಿಸಿಕೊಂಡ. “ನನಗೆ ಮಾತು ಬರಲ್ಲ, ನಿನಗೇ ಗೊತ್ತು. ಈ ಸುಂಕ, ನಮ್ಮೋರು ನಿಮ್ಮನ್ನ ಆಡ್ಕೊಂಡಿದ್ದು… ನಾನು ಮಾಡಿದ್ದಲ್ಲ, ಆದ್ರೂ ನಾಚಿಕೆಯಾಗುತ್ತೆ ಕಣೋ. ಎಲ್ಲರ ಪರವಾಗಿ ಹೇಳ್ತಿದ್ದೀನಿ. ಸಾರಿ, ಎಲ್ಡನ್.”

ಇಡೀ ಕ್ಲಬ್ಬು ಕಿವಿಯಾಯಿತು. ಈ ಗಳಿಗೆಗೆಂದೇ ನಾನು ಮಂಗಳವಾರದಿಂದ ಕನ್ನಡಿಯ ಮುಂದೆ ಒಂದು ಭಾಷಣ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಇತಿಹಾಸವಿತ್ತು, ಸ್ವಾಭಿಮಾನವಿತ್ತು, ಮೂರು ಕಡೆ ಮೇಜು ಗುದ್ದುವುದಿತ್ತು. ಎದೆಯುಬ್ಬಿಸಿ ಬಾಯಿ ತೆರೆದೆ.

“ಛೆ ಛೆ, ಹಾಗೆಲ್ಲಾ ಅನ್ಬೇಡ ಮಾರಾಯ. ಸಾರಿ, ತಪ್ಪು ನಮ್ಮದೇ.”

ಹಾರ್ಲನ್ ಕುಡಿಯುತ್ತಿದ್ದುದು ಮೂಗಿಗೆ ಏರಿತು. “ಎಲ್ಲಾ ತಪ್ಪೂನಾ?” ಎಂದು ಕೆಮ್ಮುತ್ತಲೇ ಕೇಳಿದ. ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಡ್ವೇನ್ ಆಗಲೇ ನನ್ನನ್ನು ತಬ್ಬಿಕೊಂಡಿದ್ದ, ಉಸಿರಾಡಲೂ ಸಂದಿಯಿರಲಿಲ್ಲ. ಅವನ ಭುಜ ಅದುರುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನ ಕಣ್ಣೂ ಒದ್ದೆಯಾಯಿತು. ಇವನನ್ನು ಬಾಗಿಲಾಚೆ ನಿಲ್ಲಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಗೋಡೆಯ ಹತ್ತಿರ ಎರಡು ಕೋಟುಗಳೂ ಮತ್ತೆ ಗೂಟಕ್ಕೆ ಹೋದವು.

ಸಂಜೆ ನಮ್ಮ ಮನೆಯಲ್ಲಿ ಡ್ವೇನ್ ನನ್ನ ಕುರ್ಚಿಯಲ್ಲೇ ಕೂತು ಗೊರಕೆ ಹೊಡೆಯುತ್ತಿದ್ದ. ನಾನು ಇಡೀ ದೇಶದ ತಪ್ಪು ಒಪ್ಪಿಕೊಂಡಿದ್ದೆನಾದರೂ, ಎಲ್ಲೋ ಒಂದು ಕಡೆ ದೊಡ್ಡ ಮನುಷ್ಯನಾದೆನೆಂಬ ಹೆಮ್ಮೆ ಮೂಡತೊಡಗಿತ್ತು. ಅಡುಗೆಮನೆಯಿಂದ ಅಕ್ಕತಂಗಿಯರ ಮಾತು ಕೇಳಿಸಿತು. ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟೆ.

“ಭಾವ ಇಷ್ಟು ದೊಡ್ಡ ಮನಸ್ಸು ಮಾಡ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ, ಅಕ್ಕ,” ಎನ್ನುತ್ತಿದ್ದಳು ನೊರೀನ್.

“ದೊಡ್ಡ ಮನಸ್ಸೂ ಇಲ್ಲ, ಎಂಥದ್ದೂ ಇಲ್ಲ ಕಣೇ,” ಎಂದಳು ವರ್ನಾ. “ಡ್ವೇನ್‌ಗೆ ಹೇಳೋಕೆ ಅರ್ಧ ಗಂಟೆ ಮುಂಚೆ ಕಲ್ಲಿಗೂ ಸಾರಿ ಹೇಳಿದ್ರು.”