ಅಳತೆ ಬೇಡವೆಂದ ವೇಷ

ಹೊಗಳಿಕೆ ಇಲ್ಲದೆ ಬದುಕಬಲ್ಲವರನ್ನು ಕಂಡರೆ ನನಗೆ ದಿಗಿಲು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಶಿರಾ ಗೇಟಿನಲ್ಲಿ ಹೊಲಿಗೆ ಮಿಷನ್ ತುಳಿದು ಮೇಲೆ ಬಂದವನು. ಗುಬ್ಬಿ ಸೀಮೆಯ ಪೌರಾಣಿಕ ನಾಟಕದ ರಾಜರಿಗೆಲ್ಲ ಜರಿಯ ನಿಲುವಂಗಿ ನನ್ನದೇ. ನಾಟಕಕ್ಕೆ ಹೋದರೂ ಕಿವಿ ಹಾಡಿನ ಕಡೆ ಇರುವುದಿಲ್ಲ; ‘ಯಾರ್ ಹೊಲ್ದಿದ್ದು?’ ಎಂದು ಯಾರಾದರೂ ಕೇಳುತ್ತಾರೇನೋ ಎಂದು ಕಾಯುತ್ತಿರುತ್ತದೆ.

ತೊಂಬತ್ತರ ದಶಕದಲ್ಲಿ ಬಟವಾಡಿಯ ಮೇಷ್ಟ್ರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ನಾಟಕ ಓದಿದವರು, ಆಡಿಸುವವರು. ನೈಜೀರಿಯಾಕ್ಕೆ ಹೋಗಿ ಅಲ್ಲಿನ ವೇಷದ ಕುಣಿತ ನೋಡಿ ಬಂದಿದ್ದರು. ಮನೆಗೆ ಕರೆದು ವಿಡಿಯೋ ಕ್ಯಾಸೆಟ್ ಹಾಕಿದರು. ಅಡಿಯಿಂದ ಮುಡಿಯವರೆಗೆ ಬಟ್ಟೆಯ ಪಟ್ಟಿಗಳು, ಮುಖಕ್ಕೆ ಬಲೆ. ಗಿರ್ರನೆ ತಿರುಗಿದರೆ ಪಟ್ಟಿಗಳೆಲ್ಲ ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ.

“ಅಲ್ಲಿ ಸತ್ತ ಹಿರಿಯರು ಊರಿಗೆ ಬರೋದು ಹಿಂಗೆ, ರುದ್ರಣ್ಣ. ಒಳಗೆ ಯಾರಿದಾರೆ ಅಂತ ಹೇಳಂಗಿಲ್ಲ, ಆಮೇಲೂ ಹೇಳಂಗಿಲ್ಲ. ನಮ್ಮ ನಾಟಕಕ್ಕೂ ಇಂಥದೊಂದು ವೇಷ ಬೇಕು. ಅಳತೆ ಬೇಡ, ಸಡಿಲವಾಗಿ ಹೊಲೀರಿ.”

ಅಳತೆ ಬೇಡವಂತೆ! ನಾನೇನು ಗೋಣಿಚೀಲ ಹೊಲಿಯುವವನೇ? ಕುಣಿಯಬೇಕಿದ್ದ ಆರಡಿ ನಟನನ್ನು ಗುಟ್ಟಾಗಿ ಅಂಗಡಿಗೆ ಕರೆಸಿ ಅಳೆದೆ. ಅವನ ಕಣ್ಣಿಗೆ ಸರಿಯಾಗಿ ಬಲೆ ಕೂರಿಸಿದೆ.

ಗುಬ್ಬಿಯಲ್ಲಿ ಆಟದ ಸಂಜೆ ಆ ನಟ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ಮಿಕ್ಕವರೆಲ್ಲ ಬಣ್ಣ ಹಚ್ಚಿ ತಂತಮ್ಮ ಪಾತ್ರಕ್ಕೆ ನಿಂತಿದ್ದರು. ಮೇಷ್ಟ್ರು ನನ್ನತ್ತ ತಿರುಗಿದರು.

“ಅಯ್ಯೋ, ನಂಗೆ ಕುಣಿಯಾಕೆ ಬರಾಕಿಲ್ಲ ಮೇಷ್ಟ್ರೇ! ಮುಂದ್ಗಡೆ ಸಾಲಲ್ಲೇ ನಮ್ಮನೇವ್ಳು ಕೂತವ್ಳೆ!”

“ನೀವೇ ಅಂತ ಯಾರಿಗೆ ಗೊತ್ತಾಗುತ್ತೆ? ಎರಡು ಸುತ್ತು ತಿರುಗಿ ಬಲಗಡೆಯಿಂದ ಒಳಗೆ ಬಂದ್ಬಿಡಿ.”

ವೇಷದೊಳಗೆ ಹೊಕ್ಕೆ. ನನ್ನದು ಐದಡಿ ದೇಹ. ಪಟ್ಟಿಗಳು ಕಾಲಿಗೆ ತೊಡರದಂತೆ ವೇಷವನ್ನು ಮೇಲಕ್ಕೆಳೆದಿದ್ದರಿಂದ ಬಲೆ ನೆತ್ತಿಯ ಮೇಲೆ ಹೋಗಿ ಕೂತಿತ್ತು. ಕಣ್ಣಿಗೆ ಕತ್ತಲೋ ಕತ್ತಲು. ಎರಡು ಸುತ್ತು ತಿರುಗುವಷ್ಟರಲ್ಲಿ ಬಲಗಡೆ ಯಾವುದೆಂಬುದೇ ತಪ್ಪಿಹೋಯಿತು. ದಾರಿ ಹುಡುಕುತ್ತ ಮತ್ತೆ ತಿರುಗಿದೆ. ವೇದಿಕೆಯ ಅಂಚು ಕಾಲಿಗೆ ತಾಗಿದಾಗ ಹೌಹಾರಿ ಇನ್ನೂ ಜೋರಾಗಿ ತಿರುಗಿದೆ. ಚಪ್ಪಾಳೆ, ಶಿಳ್ಳೆ! ಕೊನೆಗೆ ಮೇಷ್ಟ್ರೇ ಒಂದು ಪಟ್ಟಿ ಹಿಡಿದು ಒಳಗೆಳೆದುಕೊಂಡರು.

“ನಿಜವಾಗ್ಲೂ ಹಿರಿಯರು ಬಂದಂಗಿತ್ತು. ಆದ್ರೆ ಹೇಳಂಗಿಲ್ಲ, ನೆನಪಿರಲಿ.”

ಬಸ್ಸಿನಲ್ಲಿ ಹೆಂಡತಿ ಶುರುಮಾಡಿದಳು. “ಎಲ್ಲೋಗಿದ್ರಿ? ಅದೇನ್ ಕುಣ್ದ್ನಪ್ಪ ಆವಯ್ಯ! ಗಂಡಸು ಅಂದ್ರೆ ಹಂಗಿರ್ಬೇಕು.”

“ಬಟ್ಟೆ ಹೆಂಗಿತ್ತು?” ಎಂದೆ ಮೆಲ್ಲಗೆ.

“ಬುಡಿ, ಚಿಂದಿ ಚಿಂದಿ ನೇತಾಡ್ತಿತ್ತು. ಆವಯ್ಯ ಚೆನ್ನಾಗಿ ಕುಣಿದಿದ್ಕೆ ನಿಮ್ ಮಾನ ಉಳೀತು.”

ಇಂದಿಗೂ ಅವಳು ಆವಯ್ಯನ ಗುಣಗಾನ ಮಾಡುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು, ಅವನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಮಿಷನ್ ತುಳಿಯುತ್ತೇನೆ. ನಿಮಗೆ ಹೇಳಿಬಿಟ್ಟೆನಲ್ಲ ಅನ್ನುತ್ತೀರಾ? ಹೊಗಳಿಕೆ ಇಲ್ಲದೆ ಮನುಷ್ಯ ಎಷ್ಟು ವರ್ಷ ಅಂತ ಬದುಕಬೇಕು, ನೀವೇ ಹೇಳಿ.